ಮುನ್ನೂರನೆಯ ಸಿನಿಮಾದ ಇಂಟರ್‌ವಲ್

ಮಗಳು ಕಾರ್ ಪ್ಲಾಂಟಿನ ಕೆಲಸಕ್ಕೆಂದು ಮಿಷಿಗನ್ನಿನ ಸ್ಟರ್ಲಿಂಗ್ ಹೈಟ್ಸ್‌ಗೆ ಹೋದ ಕೆಲವೇ ತಿಂಗಳಲ್ಲಿ ನನ್ನ ಮೆಸೇಜುಗಳಿಗೆ ಅವಳ ಉತ್ತರ ಓಕೆಯ ಒಂದೇ ಅಕ್ಷರಕ್ಕೆ ಇಳಿದಿತ್ತು. ಊಟ ಆಯ್ತಾ ಎಂದರೆ "ಕೆ." ಹೊರಗೆ ಹತ್ತು ಡಿಗ್ರಿಯಂತೆ, ಕೈಗವುಸು ಹಾಕಿಕೋ ಎಂದರೆ "ಕೆ." ಕಾರಿನಲ್ಲಿ ಪೆಟ್ರೋಲು ಅರ್ಧ ಟ್ಯಾಂಕಿಗಿಂತ ಕೆಳಗಿಳಿಯಲು ಬಿಡಬೇಡ ಎಂದರೆ ಅದೂ ಇಲ್ಲ. ಉತ್ತರ ಬಾರದಿದ್ದರೆ ನಾನು ಏನು ಮಾಡುತ್ತೇನೆಂಬುದು ನನ್ನನ್ನು ಬಲ್ಲ ಎಲ್ಲರಿಗೂ ಗೊತ್ತು. ಸ್ವಲ್ಪ ಹೊತ್ತು ಕಾಯುತ್ತೇನೆ. ಮಿಷಿಗನ್‌ನ ಟ್ರಾಫಿಕ್ ಸುದ್ದಿ ತೆಗೆದು ನೋಡುತ್ತೇನೆ. ಅಲ್ಲಿ ಯಾವುದಾದರೂ ಹೈವೇಯಲ್ಲಿ ಒಂದು ಟ್ರಕ್ಕು ಮಗುಚಿಯೇ ಇರುತ್ತದೆ. ಮಗಳು ಆ ದಾರಿಯಲ್ಲಿ ಹೋಗುವುದೇ ಇಲ್ಲವೆಂದು ಗೊತ್ತಿದ್ದೂ ಫೋನ್ ಮಾಡುತ್ತೇನೆ.

"ಅಮ್ಮಾ, ಯು ಕಾಲ್ ಓನ್ಲಿ ಟು ಚೆಕ್ ಇಫ್ ಐ ಆಮ್ ಡೆಡ್," ಎಂದಳು ಒಂದು ದಿನ.

"ಬಿಡ್ತು ಅನ್ನು!"

"ಸೀ? ಬೇರೆ ಏನಾದ್ರೂ ಮಾತಾಡು. ಎನಿಥಿಂಗ್. ನಿನ್ ಹತ್ರ ವರಿ ಬಿಟ್ಟು ಬೇರೆ ಟಾಪಿಕ್ಕೇ ಇಲ್ವಾ?"

ಯೋಚಿಸಿದೆ. ಪ್ರಾಮಾಣಿಕವಾಗಿಯೇ ಯೋಚಿಸಿದೆ. ನನ್ನ ಉದ್ಯೋಗವೂ ಅದೇ. ಡೆಸ್ ಪ್ಲೇನ್ಸ್‌ನಲ್ಲಿ, ಷಿಕಾಗೋದ ಓಹೇರ್ ವಿಮಾನ ನಿಲ್ದಾಣದ ಬೇಲಿಗೆ ಅಂಟಿಕೊಂಡ ಆಫೀಸಿನಲ್ಲಿ ಕೂತು, ಎಲ್ಲಿಂದಲೋ ಎಲ್ಲಿಗೋ ಹೊರಟ ಸರಕು ಯಾಕಿನ್ನೂ ತಲುಪಿಲ್ಲ ಎಂದು ಚಿಂತಿಸುವುದಕ್ಕೆ ನನಗೆ ಸಂಬಳ ಕೊಡುತ್ತಾರೆ. ಸಂಜೆ ಶಾಮ್‌ಬರ್ಗ್‌ನ ಮನೆಗೆ ಬಂದು ಅದೇ ಕೆಲಸವನ್ನು ಪುಕ್ಕಟೆ ಮಾಡುತ್ತೇನೆ. ಬೇರೆ ಟಾಪಿಕ್ಕು ಎಲ್ಲಿಂದ ತರಲಿ?

"ನೆನ್ನೆ ಒಂದು ಸಿನಿಮಾ ನೋಡಿದೆ," ಎಂದೆ, ಕೈಗೆ ಸಿಕ್ಕಿದ್ದನ್ನು ಎಸೆಯುವವಳ ಹಾಗೆ.

"ಓ! ಹೇಗಿತ್ತು? ಎಂಡ್‌ನಲ್ಲಿ ಏನಾಯ್ತು?"

"ಎಂಡ್ ನೋಡ್ಲಿಲ್ಲ."

ಆ ಕಡೆಯಿಂದ ನಗು. ಎಷ್ಟೋ ತಿಂಗಳ ಮೇಲೆ ಕೇಳಿದ ಪೂರ್ತಿ ನಗು. "ಅಮ್ಮಾ, ನೀನು ಯಾವ್ದಾದ್ರೂ ಮೂವಿ ಎಂಡ್ ನೋಡಿದೀಯಾ? ಎವರ್?"

ನಾನು ಸಿನಿಮಾಗಳ ಕೊನೆ ನೋಡದಿರುವುದಕ್ಕೆ ಎರಡು ಕಾರಣ. ಮೈಸೂರಿನಲ್ಲಿ ನಮ್ಮಪ್ಪ ವರ್ಷಕ್ಕೆ ನಾಲ್ಕೈದು ಸಲ ನಮ್ಮನ್ನೆಲ್ಲ ಟಾಕೀಸಿಗೆ ಕರೆದುಕೊಂಡು ಹೋಗುತ್ತಿದ್ದರು. ವಿಲನ್ನಿಗೆ ಒದೆ ಬೀಳಲು ಶುರುವಾದ ಕೂಡಲೇ "ಏಳಿ ಏಳಿ, ಜನ ಬಿಡೋದ್ರೊಳಗೆ ಹೊರಡೋಣ, ಆಮೇಲೆ ಸ್ಕೂಟರ್ ತೆಗೆಯೋಕಾಗಲ್ಲ" ಎಂದು ಎಬ್ಬಿಸಿಬಿಡುತ್ತಿದ್ದರು. ನಾವು ಸ್ಟ್ಯಾಂಡಿನಲ್ಲಿ ನಿಂತು, ಒಳಗಿನಿಂದ ಕೇಳಿಬಂದ ಶಿಳ್ಳೆಯ ಮೇಲೆ ಕಥೆ ಸುಖಾಂತವೆಂದು ತೀರ್ಮಾನಿಸಿಕೊಳ್ಳುತ್ತಿದ್ದೆವು. ಎರಡನೆಯ ಕಾರಣ ಸ್ವತಃ ನಾನು. ಪರದೆಯ ಮೇಲೆ ಯಾರಾದರೂ ಕತ್ತಲ ಮನೆಯೊಳಗೆ ಕಾಲಿಟ್ಟರೆ, ಯಾರಾದರೂ ತಾಯಿಗೆ "ಬೇಗ ಬಂದ್ಬಿಡ್ತೀನಿ" ಎಂದರೆ, ನನಗೆ ತಕ್ಷಣ ಒಲೆ ಆರಿಸಿದೆನೋ ಇಲ್ಲವೋ ಎಂಬ ಅನುಮಾನ ಬರುತ್ತದೆ. ಎದ್ದು ಹೋಗುತ್ತೇನೆ. ಅಡುಗೆಮನೆಯಿಂದ "ಬದುಕಿದ್ನಾ?" ಎಂದು ಕೂಗುತ್ತೇನೆ. ಅಷ್ಟರಲ್ಲಿ ನಮ್ಮನೆಯವರು ನಿದ್ದೆ ಹೋಗಿರುತ್ತಾರೆ. ಹೀಗಾಗಿ ಎಷ್ಟೋ ಜನ ನಾಯಕರು ನನ್ನ ಪಾಲಿಗೆ ಇನ್ನೂ ಬಂಡೆಯ ತುದಿ ಹಿಡಿದು ನೇತಾಡುತ್ತಲೇ ಇದ್ದಾರೆ.

ಇದನ್ನೆಲ್ಲ ಹೇಳಿದೆ. ಮಗಳು ಕೇಳಿಸಿಕೊಂಡಳು. ನಾನು ಹೇಳಿದ್ದನ್ನು ಅವಳು ಅಷ್ಟು ಹೊತ್ತು ಕೇಳಿಸಿಕೊಂಡು ಎಷ್ಟು ಕಾಲವಾಗಿತ್ತೋ.

"ಓಕೆ, ಚಾಲೆಂಜ್," ಎಂದಳು. "ಈ ಯುಗಾದಿಯಿಂದ ನೆಕ್ಸ್ಟ್ ಯುಗಾದಿ ಒಳಗೆ ತ್ರೀ ಹಂಡ್ರೆಡ್ ಮೂವೀಸ್. ನೀನು ಅಲ್ಲಿ, ನಾನು ಇಲ್ಲಿ, ಇಬ್ರೂ ಸೇಮ್ ಮೂವಿ. ಫಸ್ಟಿಂದ ಕ್ರೆಡಿಟ್ಸ್ ಮುಗಿಯೋವರೆಗೂ. ಏಳೋ ಹಾಗಿಲ್ಲ, ಪಾಜ್ ಮಾಡೋ ಹಾಗಿಲ್ಲ, ಫೋನ್ ಮುಟ್ಟೋ ಹಾಗಿಲ್ಲ. ಮುಗಿದ ಮೇಲೆ ಕಾಲ್ ಮಾಡ್ತೀನಿ. ಓನ್ಲಿ ಮೂವಿ ಟಾಕ್. ನೋ ಕೈಗವುಸು."

"ಮುನ್ನೂರಾ? ನಿನ್ನ ತಲೆ. ಆಗ್ದೇ ಇದ್ರೆ?"

"ಆಗ್ದೇ ಇದ್ರೆ ಬ್ಯಾಕ್ ಟು ಕೆ. ಆದ್ರೆ, ಇನ್ನೊಂದು ಇಯರ್ ಕಂಟಿನ್ಯೂ ಮಾಡೋಣ."

ಅವಳು ತಮಾಷೆಗೆ ಹೇಳಿದಳೇನೋ. ನಾನು ಅದನ್ನು ಸಂವಿಧಾನದಂತೆ ತೆಗೆದುಕೊಂಡೆ. ಮುನ್ನೂರು ಸಿನಿಮಾ ಎಂದರೆ ಮುನ್ನೂರು ಫೋನು. ಮುನ್ನೂರು ಮುಟ್ಟಿದರೆ ಇನ್ನೊಂದು ವರ್ಷದ ಫೋನು. ಮುಟ್ಟದಿದ್ದರೆ ಒಂದಕ್ಷರ.

ಮೊದಲನೆಯ ಸಿನಿಮಾಕ್ಕೆ ಬೇಸ್‌ಮೆಂಟಿನ ಸೋಫಾದಲ್ಲಿ ಕೂತಾಗ ವಿಮಾನ ಹತ್ತಿದವರ ಹಾಗೆ ಸಿದ್ಧಳಾಗಿದ್ದೆ. ಪಕ್ಕದಲ್ಲಿ ನೀರು, ಕಾಲ ಮೇಲೆ ಶಾಲು, ಒಲೆಯನ್ನು ಎರಡು ಸಲ ನೋಡಿ ಬಂದಿದ್ದೆ. ನಮ್ಮನೆಯವರು ಮೆಟ್ಟಿಲ ಮೇಲೆ ನಿಂತು, "ಟ್ರೆಡ್‌ಮಿಲ್ ಆಯ್ತು, ಯೋಗ ಮ್ಯಾಟ್ ಆಯ್ತು, ವೀಣೆ ಆಯ್ತು. ಈಗ ಸಿನಿಮಾನಾ? ಇದಕ್ಕೆ ಸಾಮಾನೇನೂ ತರೋದಿಲ್ವಲ್ಲ ಸದ್ಯ," ಎಂದರು. ಅವರು ಹೇಳಿದ ಸಾಮಾನುಗಳೆಲ್ಲ ಅದೇ ಬೇಸ್‌ಮೆಂಟಿನಲ್ಲಿ ಬೆಡ್‌ಶೀಟು ಹೊದ್ದು ಕೂತಿದ್ದವು. ನಾನು ಟಿವಿ ಕಡೆಯೇ ನೋಡುತ್ತಿದ್ದೆ. ರೂಲ್ಸ್ ಪ್ರಕಾರ ಸಿನಿಮಾ ಶುರುವಾಗಿತ್ತು.

ಸಿನಿಮಾದ ಅರ್ಧ ದಾರಿಯಲ್ಲಿ ಒಬ್ಬ ಮುದುಕ ಹಿಮದಲ್ಲಿ ಒಬ್ಬನೇ ಹೊರಟ. ನನ್ನ ಮಂಡಿಗಳು ತಾವಾಗಿ ಎದ್ದವು. ಶಾಲನ್ನು ಬಿಗಿಹಿಡಿದು ಅವುಗಳನ್ನು ಕೂರಿಸಿದೆ. ಮುದುಕ ಬಿದ್ದ. ಎದ್ದ. ಮತ್ತೆ ಬಿದ್ದ. ಕಣ್ಣು ಮುಚ್ಚಬಾರದೆಂದು ರೂಲ್ಸಿನಲ್ಲಿ ಇರಲಿಲ್ಲವಾದರೂ ನಾನು ಮುಚ್ಚಲಿಲ್ಲ. ಕೊನೆಗೆ ಆತ ಒಂದು ಮನೆಯ ಬಾಗಿಲು ತಟ್ಟಿದ, ಬಾಗಿಲು ತೆರೆಯಿತು, ಅಷ್ಟೆ. ಸಿನಿಮಾ ಮುಗಿದುಹೋಯಿತು! ಹೆಸರುಗಳು ಕೆಳಗಿನಿಂದ ಮೇಲಕ್ಕೆ ಹರಿಯುತ್ತಿದ್ದರೆ ನಾನು ಸೋಫಾದಲ್ಲಿ ಕೂತು ಒಬ್ಬಳೇ ಚಪ್ಪಾಳೆ ತಟ್ಟಿದೆ. ಕೊನೆ ಎಂದರೆ ಹೀಗಿರುತ್ತದೆಯೇ? ಇಷ್ಟು ವರ್ಷ ಇದನ್ನು ಯಾರೂ ನನಗೆ ಯಾಕೆ ಹೇಳಲಿಲ್ಲ?

ಫೋನು ಬಂತು. "ಸೋ?" ಎಂದಳು.

"ಅಲ್ವೇ, ಬಾಗಿಲು ತೆಗೆದ್ರಲ್ಲ, ಒಳಗೆ ಕರೆದ್ರಾ ಇಲ್ವಾ? ಅವನಿಗೆ ಊಟ ಹಾಕಿದ್ರಾ? ಕಾಲಿಗೆ ಫ್ರಾಸ್ಟ್‌ಬೈಟ್ ಆಗಿರತ್ತೆ."

"ಅಮ್ಮಾ, ಹಿ ಇಸ್ ಆನ್ ಆಕ್ಟರ್. ಶೂಟಿಂಗ್ ಮುಗಿಸಿ ಮನೆಗೆ ಹೋಗಿದಾನೆ."

ಆದರೂ ಆ ಮುದುಕನ ಬಗ್ಗೆ ನಾವು ಅರ್ಧ ಗಂಟೆ ಮಾತಾಡಿದೆವು. ನನ್ನ ಆತಂಕ ಕಡಿಮೆಯಾಗಿರಲಿಲ್ಲ. ಮಗಳನ್ನು ಬಿಟ್ಟು ಬೇರೆಯವರ ಮೇಲೆ ಕೂತಿತ್ತು, ಅಷ್ಟೆ. ಅದು ಇಬ್ಬರಿಗೂ ಅನುಕೂಲವಾಗಿತ್ತು.

ಆಮೇಲೆ ನನಗೆ ಹುಚ್ಚೇ ಹಿಡಿಯಿತು. ಲೈಬ್ರರಿಯಿಂದ ಡಿವಿಡಿಗಳನ್ನು ಎರಡು ಚೀಲದಲ್ಲಿ ತರುತ್ತಿದ್ದೆ. ಇರಾನಿನ ಮಕ್ಕಳು, ಜಪಾನಿನ ಅಜ್ಜಿಯರು, ಮಾತೇ ಇಲ್ಲದ ಕಾಲದ ಸಿನಿಮಾಗಳು, ನಮ್ಮ ಕಪ್ಪು ಬಿಳುಪಿನ ಕನ್ನಡ ಸಿನಿಮಾಗಳು, ಯಾವುದನ್ನೂ ಬಿಡಲಿಲ್ಲ. ಹಳೆಯ ಕನ್ನಡ ಸಿನಿಮಾ ಹಾಕಿದ ದಿನ ಮಗಳು "ಸ್ಪೀಡ್ ಕಮ್ಮಿ ಅಮ್ಮಾ, ಎಲ್ರೂ ಬಾಗಿಲು ತೆಗೆಯೋಕೇ ಹತ್ತು ನಿಮಿಷ ತಗೋತಾರೆ" ಎಂದಳು. ಆದರೆ ಮಾರನೆಯ ದಿನ ಅದರ ಹಾಡನ್ನು ಗುನುಗುತ್ತಾ ಫೋನೆತ್ತಿದಳು. ಮಾತಿಲ್ಲದ ಸಿನಿಮಾ ನೋಡುವಾಗ ನಮ್ಮ ಮನೆಯ ಸ್ಮೋಕ್ ಅಲಾರ್ಮಿನ ಬ್ಯಾಟರಿ ಮುಗಿದು, ಅದು ಆಗಾಗ ಕೀಂ ಎನ್ನುತ್ತಿತ್ತು. ಏಳುವಂತಿಲ್ಲ. ಪೂರ್ತಿ ಸಿನಿಮಾವನ್ನು ಕೀಂ ಸಂಗೀತದೊಂದಿಗೆ ನೋಡಿದೆ. ಈಗಲೂ ಅದರಲ್ಲಿ ಒಂದು ಹಕ್ಕಿಯ ಪಾತ್ರವಿತ್ತೆಂದೇ ನನ್ನ ನೆನಪು. ಒಂದು ಸಲ ಹಾಲುಕ್ಕಿತು. ವಾಸನೆ ಬೇಸ್‌ಮೆಂಟಿಗೆ ಇಳಿದು ಬಂತು. "ರೀ, ಹಾಲು!" ಎಂದು ಕೂಗಿದೆ, ಆದರೆ ಏಳಲಿಲ್ಲ. ಪಾತ್ರೆಯನ್ನು ಉಜ್ಜುತ್ತಾ ನಮ್ಮನೆಯವರು, "ಇವಳು ಈ ಸಲ ಸೀರಿಯಸ್ಸು ಕಣಪ್ಪ," ಎಂದು ತಮಗೆ ತಾವೇ ಹೇಳಿಕೊಂಡರು.

ಆಫೀಸಿನಲ್ಲಿಯೂ ಬದಲಾವಣೆ ಕಾಣಿಸಿತು. ಒಂದು ಸರಕು ಫ್ರಾಂಕ್‌ಫರ್ಟಿನಲ್ಲಿ ಸಿಕ್ಕಿಹಾಕಿಕೊಂಡಾಗ ನಾನು ಗಾಬರಿಯಾಗದೆ, "ಇದು ಇನ್ನೂ ಫಸ್ಟ್ ಹಾಫ್" ಎಂದುಬಿಟ್ಟೆ. ಪಕ್ಕದವಳು ವಿಚಿತ್ರವಾಗಿ ನೋಡಿದಳು. ಮಧ್ಯಾಹ್ನವೆಲ್ಲ ಇವತ್ತು ಸಂಜೆ ಯಾವ ಸಿನಿಮಾ, ಮಗಳು ಅದಕ್ಕೆ ಏನೆನ್ನಬಹುದು, ನಾನು ಏನು ಹೇಳಿ ಅವಳನ್ನು ನಗಿಸಬಹುದು ಎಂಬುದೇ ಧ್ಯಾನ. ಕಾಲೇಜಿನಲ್ಲಿ ಯಾರಿಗೋ ಕಾಯುತ್ತಾ ನಿಂತ ದಿನಗಳಲ್ಲಿ ಮಾತ್ರ ನನಗೆ ಹೀಗೆ ಆಗುತ್ತಿತ್ತು. ಇಷ್ಟು ವಯಸ್ಸಾದ ಮೇಲೆ ಅದೇ ಪುಳಕ, ಮಿಷಿಗನ್ನಿನ ಏರಿಯಾ ಕೋಡಿನಿಂದ ಬರುವ ಒಂದು ಫೋನಿಗೆ! ಅವರ ಗಡಿಯಾರ ನಮಗಿಂತ ಒಂದು ಗಂಟೆ ಮುಂದೆ. ಅವಳಿಗೆ ನಿದ್ದೆಗೆ ತಡವಾಗಬಾರದೆಂದು ಆಫೀಸಿನಿಂದ ಓಡಿ ಬರುತ್ತಿದ್ದೆ. ಆದರೆ ಅವಳೇ, "ಇನ್ನೊಂದ್ ಐದ್ ನಿಮಿಷ ಅಮ್ಮಾ, ಆ ಸೀನ್ ಬಗ್ಗೆ ಮಾತಾಡ್ಲೇ ಇಲ್ಲ," ಎನ್ನುತ್ತಿದ್ದಳು. ಮಾತಿನ ನಡುವೆ ಒಮ್ಮೊಮ್ಮೆ ಅವಳ ಮ್ಯಾನೇಜರ್, ಅವಳ ಪಕ್ಕದ ಮನೆಯ ಬೆಕ್ಕು, ಅವಳಿಗೆ ಬೇಸರವಾದ ಒಂದು ಸಂಜೆ ನುಸುಳಿ ಬರುತ್ತಿದ್ದವು. ನಾನು ಪ್ರಶ್ನೆ ಕೇಳದೆ ನಾಲಿಗೆ ಬಿಗಿಹಿಡಿದು ಕೂರುತ್ತಿದ್ದೆ. ಕೇಳಿದರೆ ಕೈಗವುಸಿಗೆ ಬಂದು ನಿಲ್ಲುತ್ತೇನೆಂದು ಗೊತ್ತಿತ್ತು.

ಚಳಿಗಾಲದಲ್ಲಿ ಎಡವಿದೆವು. ಅವಳ ಪ್ಲಾಂಟಿನಲ್ಲಿ ಹೊಸ ಮಾಡೆಲ್ ಕಾರಿನ ಗಡಿಬಿಡಿ, ವಾರಗಟ್ಟಲೆ ಸಿನಿಮಾ ಇಲ್ಲ, ಫೋನೂ ಇಲ್ಲ. ಆಮೇಲೆ ಸಿಕ್ಕ ರಜಾದಿನಗಳಲ್ಲಿ ಒಂದರ ಹಿಂದೊಂದು ನೋಡಿ, ಯಾವ ಗಂಡ ಯಾವ ಸಿನಿಮಾದವನು ಎಂದು ಗೊತ್ತಾಗದೆ ಜಗಳವಾಡಿದೆವು. ಮಾರ್ಚ್ ಬಂತು. ಯುಗಾದಿಗೆ ಹತ್ತಿರವಾದ ಹಾಗೆ ಲೆಕ್ಕ ಉಗುರು ಕಚ್ಚುವಷ್ಟು ಹತ್ತಿರ ಬಂದು, ಹಬ್ಬದ ಹಿಂದಿನ ದಿನವಾದ ಭಾನುವಾರಕ್ಕೆ ಒಂದೇ ಒಂದು ಉಳಿಯಿತು.

"ಲಾಸ್ಟ್ ಒನ್ ಥಿಯೇಟರ್‌ನಲ್ಲಿ ನೋಡೋಣ. ಟುಗೆದರ್. ಇಲ್ಲಿ ಸಂಡೇ ಮಧ್ಯಾಹ್ನ ಕನ್ನಡ ಮೂವಿ ಹಾಕ್ತಿದಾರೆ," ಎಂದಳು ಮಗಳು. "ಬಟ್ ನಂಗೆ ಸಿಕ್ಸ್‌ಗೆ ಶಿಫ್ಟ್ ಇದೆ, ಬೆಳಗ್ಗೆವರೆಗೂ. ಸೋ ದಿಸ್ ಇಸ್ ಇಟ್."

ಅಂದರೆ ಅದೊಂದೇ ಅವಕಾಶ. ತಪ್ಪಿದರೆ ಸಂಜೆ ಇನ್ನೊಂದು ನೋಡುತ್ತೇವೆ ಎನ್ನುವ ಹಾಗಿಲ್ಲ. ಇಂಥ ಸಂಗತಿಯನ್ನು ನನ್ನಂಥವಳಿಗೆ ಹೇಳಬಾರದು. ಐದು ಗಂಟೆಯ ದಾರಿಗೆ ನಾನು ಶೋಗೆ ಒಂಬತ್ತು ಗಂಟೆ ಮುಂಚೆಯೇ ಹೊರಡಿಸಿದೆ. "ಸಿನಿಮಾ ತೆಗೆಯೋಕೂ ಇಷ್ಟು ಹೊತ್ತು ಬೇಡ," ಎಂದರು ನಮ್ಮನೆಯವರು ಸ್ಟಿಯರಿಂಗಿನ ಹಿಂದೆ ಆಕಳಿಸುತ್ತಾ. ಗ್ಯಾರಿ ಊರಿನ ಹೊಗೆಕೊಳವೆಗಳು, ಕ್ಯಾಲಮಜೂ ಎಕ್ಸಿಟ್ಟಿನ ಕಾಫಿ, ರಸ್ತೆ ಪಕ್ಕದಲ್ಲಿ ಕೊಳಕು ಸಕ್ಕರೆಯ ಹಾಗೆ ಉಳಿದ ಹಿಮ. ನಾನು ಹಬ್ಬಕ್ಕೆಂದು ತಂದ ಒಬ್ಬಟ್ಟಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಪ್ರತಿಯೊಂದು ಟ್ರಕ್ಕನ್ನೂ ಮನಸ್ಸಿನಲ್ಲೇ ಮಗುಚಿಸಿ ಮತ್ತೆ ನಿಲ್ಲಿಸುತ್ತಿದ್ದೆ.

ಮಲ್ಟಿಪ್ಲೆಕ್ಸಿನ ಪಾರ್ಕಿಂಗ್ ಲಾಟಿನಲ್ಲಿ ಮಗಳು ಓಡಿ ಬಂದು ತಬ್ಬಿಕೊಂಡಳು. "ತ್ರೀ ಹಂಡ್ರೆಡ್, ಅಮ್ಮಾ!" ಎಂದು ಕುಣಿದಳು. ನಾನೂ ಕುಣಿದೆ. ಡಬ್ಬಿ ಜಾರಿತು, ನಮ್ಮನೆಯವರು ಹಿಡಿದರು.

ಆ ಕಡೆ ಕನ್ನಡ ಸಿನಿಮಾ ತರಿಸುವವರು ಹುಬ್ಬಳ್ಳಿಯವರೊಬ್ಬರು. ಎರಡು ವಾರದಿಂದ ಊರಿಗೆಲ್ಲ ಫೋನ್ ಮಾಡಿ ಜನ ಕೂಡಿಸಿದ್ದರು. ಅವರ ಮಿನಿವ್ಯಾನು ಥಿಯೇಟರಿನ ಪಕ್ಕದ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿತ್ತು. ಡಿಕ್ಕಿಯ ತುಂಬ ಸಮೋಸ, ಚಟ್ನಿ, ದೊಡ್ಡ ಫ್ಲಾಸ್ಕುಗಳಲ್ಲಿ ಫಿಲ್ಟರ್ ಕಾಫಿ. ಥಿಯೇಟರಿನೊಳಗೆ ಹೊರಗಿನ ತಿಂಡಿ ತರುವಂತಿಲ್ಲ. ಹಾಗಾಗಿ ಇಂಟರ್‌ವಲ್‌ಗೆ ಜನರೇ ತಿಂಡಿಯ ಬಳಿಗೆ ಬರುವುದು ಅಲ್ಲಿಯ ಪದ್ಧತಿ. ಅಮೆರಿಕದ ಸಿನಿಮಾಗಳಿಗೆ ಇಂಟರ್‌ವಲ್ ಇಲ್ಲ. ನಮ್ಮ ಸಿನಿಮಾ ಬಂದಾಗ ಅವರು ಮೊದಲೇ ಥಿಯೇಟರಿನವರಿಗೆ ಹೇಳಿ ಇಪ್ಪತ್ತು ನಿಮಿಷ ನಿಲ್ಲಿಸುವ ಏರ್ಪಾಡು ಮಾಡುತ್ತಿದ್ದರು.

"ಇವತ್ತೂ ನಿಲ್ಲಿಸ್ತಾರೆ ತಾನೆ?" ಎಂದು ಕೇಳಿದೆ.

"ಅಯ್ಯ ಅಕ್ಕಾರ, ಷಿಕಾಗೋದಿಂದ ಇಷ್ಟ್ ದೂರ ಬಂದೀರಿ, ಆರಾಮ ಕುಂತು ನೋಡ್ರಿ. ಅದರ ಚಿಂತಿ ನಿಮಗ ಯಾಕ? ನಮ್ಮ ಹುಡುಗ್ರು ಹೇಳಿರ್ತಾರ."

ಹೇಳಿರ್ತಾರೆ. ಹೇಳಿದ್ದಾರೆ ಅಲ್ಲ, ಹೇಳಿರ್ತಾರೆ. ಸರಕು ಸಾಗಣೆಯಲ್ಲಿ ಕೂದಲು ಬೆಳ್ಳಗಾದವಳಿಗೆ ಇವೆರಡರ ನಡುವಿನ ಅಂತರ ಗೊತ್ತು. ಅದರೊಳಗೆ ಒಂದು ಹಡಗು ಮುಳುಗಬಹುದು.

ಸಿನಿಮಾ ಒಬ್ಬ ಬಸ್ ಡ್ರೈವರಿನದು. ಘಟ್ಟದ ದಾರಿಯಲ್ಲಿ ಬಸ್ ಓಡಿಸುವ ತಮ್ಮ, ಅವನೊಂದಿಗೆ ವರ್ಷಗಳಿಂದ ಮಾತು ಬಿಟ್ಟ ಅಕ್ಕ. ಬೇರೆ ಬಸ್ಸು ತಪ್ಪಿಹೋಗಿ ಅಕ್ಕ ವಿಧಿಯಿಲ್ಲದೆ ತಮ್ಮನ ಬಸ್ಸನ್ನೇ ಹತ್ತುತ್ತಾಳೆ. ಕೊನೆಯ ಸೀಟಿನಲ್ಲಿ ಮುಖ ತಿರುಗಿಸಿ ಕೂರುತ್ತಾಳೆ. ತಮ್ಮ ಕನ್ನಡಿಯಲ್ಲಿ ನೋಡುತ್ತಾನೆ. ಬಸ್ಸು ಘಟ್ಟ ಇಳಿಯಲು ಶುರು ಮಾಡುತ್ತದೆ. ಅವನು ಬ್ರೇಕ್ ಒತ್ತುತ್ತಾನೆ. ಅದು ಹಿಡಿಯುವುದಿಲ್ಲ. ಅವನ ಮುಖ. ಪರದೆಯ ಮೇಲೆ ದಪ್ಪ ಅಕ್ಷರಗಳಲ್ಲಿ "ವಿರಾಮ".

ಇಡೀ ಥಿಯೇಟರು ಒಬ್ಬನೇ ಮನುಷ್ಯನಂತೆ ಎದ್ದು ನಿಂತಿತು. "ಸಮೋಸ ಬಿಸಿ ಇದ್ದಾವ, ಲಗೂನ ಬರ್ರಿ!" ಎಂದು ಹುಬ್ಬಳ್ಳಿಯವರು ಮುಂದೆ ನಡೆದರು. ಮಕ್ಕಳು, ಅಂಕಲ್‌ಗಳು, ಆಂಟಿಗಳು, ರೇಷ್ಮೆ ಸೀರೆ ಉಟ್ಟವರು, ಹೂಡಿ ಹಾಕಿದವರು, ಎಲ್ಲರೂ ಪಕ್ಕದ ಬಾಗಿಲಿನ ಕಡೆ. ನನ್ನ ಮಂಡಿಗಳೂ ಎದ್ದವು. ಬ್ರೇಕ್ ಫೇಲಾದ ಬಸ್ಸಿನಿಂದ ಓಡಿಹೋಗಲು ಇದಕ್ಕಿಂತ ಒಳ್ಳೆಯ ನೆಪ ಜನ್ಮದಲ್ಲಿ ಸಿಗುವಂತಿರಲಿಲ್ಲ.

"ಬಾ ಅಮ್ಮಾ, ಇಂಟರ್‌ವಲ್ ಅಲೌಡ್," ಎಂದಳು ಮಗಳು.

"ನಿಲ್ಲಿಸ್ದೇ ಇದ್ರೆ?"

"ಅಮ್ಮಾ. ಪ್ಲೀಸ್."

"ನೀನು ಹೋಗು. ನಂಗೆ ಒಂದು ತಗೊಂಡ್ ಬಾ. ಒಳಗೆ ಬಿಡಲ್ಲ ಅಲ್ವಾ, ಹಾಗಾದ್ರೆ ಬೇಡ. ನೀನೂ ಬೇಗ ಬಾ."

ಅವಳು ಕಣ್ಣು ತಿರುಗಿಸಿ ಹೋದಳು. ಒಳಗೆ ಉಳಿದವರು ಇಬ್ಬರು. ನಾನು, ಮತ್ತು ಪಕ್ಕದಲ್ಲಿ ಎಂದೋ ನಿದ್ದೆಗೆ ಜಾರಿದ್ದ ನಮ್ಮನೆಯವರು.

"ವಿರಾಮ" ಎಂಬ ಅಕ್ಷರಗಳು ಮಾಯವಾದವು. ಅವುಗಳ ಹಿಂದೆಯೇ ಬಸ್ಸು ಹೊರಟಿತು.

ನಿಲ್ಲಿಸಲಿಲ್ಲ! ಯಾರೂ ಹೇಳಿರಲಿಲ್ಲ! ಇವರು ಅವರು ಹೇಳಿರ್ತಾರೆಂದು, ಅವರು ಇವರು ಹೇಳಿರ್ತಾರೆಂದು. ನನ್ನ ಮೈಯಲ್ಲಿ ಮಿಂಚು ಹರಿಯಿತು. ಭಯವಲ್ಲ. ನಾಚಿಕೆಯಿಲ್ಲದೆ ಹೇಳುತ್ತೇನೆ, ಅದು ಸಂತೋಷ. ಜೀವಮಾನವಿಡೀ ನಾನು ಆಗಬಹುದೆಂದು ಹೆದರಿದ್ದ ಸಾವಿರಾರು ಸಂಗತಿಗಳಲ್ಲಿ ಮೊದಲ ಬಾರಿಗೆ ಒಂದು, ನಾನು ಹೇಳಿದ ಹಾಗೆಯೇ, ಹೇಳಿದ ಹೊತ್ತಿಗೇ ಆಗಿತ್ತು. ಯಾರಿಗಾದರೂ "ಹೇಳಿರಲಿಲ್ವಾ ನಾನು?" ಎನ್ನಬೇಕಿತ್ತು. ಅಲ್ಲಿ ಯಾರೂ ಇರಲಿಲ್ಲ.

ಮರುಕ್ಷಣ ನೆನಪಾಯಿತು. ಮಗಳು ಹೊರಗಿದ್ದಾಳೆ. ಇಬ್ಬರೂ ಪೂರ್ತಿ ನೋಡಿದರೆ ಮಾತ್ರ ಲೆಕ್ಕ. ಎದ್ದು ಕರೆಯಲು ಹೋದರೆ ನನ್ನದು ಹಾಳು, ಕೂತರೆ ಅವಳದು ಹಾಳು. ರೂಲ್ಸ್ ಮುರಿದು ಅವಳಿಗೆ ಫೋನ್ ಮಾಡಿದೆ. ಪಕ್ಕದ ಸೀಟಿನಲ್ಲೇ ರಿಂಗಾಯಿತು. ಬಿಟ್ಟು ಹೋಗಿದ್ದಳು. ಆ ರಿಂಗಿಗೆ ನಮ್ಮನೆಯವರು ಎಚ್ಚರವಾದರು.

"ಮುಗೀತಾ?"

"ರೀ, ಓಡಿ! ಸಿನಿಮಾ ಶುರುವಾಗಿದೆ, ಎಲ್ಲ ಹೊರಗಿದಾರೆ, ಮಗಳನ್ನ ಕರ್ಕೊಂಡ್ ಬನ್ನಿ. ಮೊದ್ಲು ಮಗಳು!"

ಅವರು ಓಡಿದರು. ಮದುವೆಯಾದಾಗಿನಿಂದ ಅವರು ಓಡಿದ್ದನ್ನು ನಾನು ನೋಡಿರಲಿಲ್ಲ. ಬಾಗಿಲು ತೆರೆದು ಬೆಳಕು ಬಿತ್ತು, ಮುಚ್ಚಿತು. ನಾನು ಪರದೆಯ ಕಡೆ ತಿರುಗಿದೆ.

ಬಸ್ಸು ತಿರುವಿನಲ್ಲಿ ವಾಲುತ್ತಿತ್ತು. ಆ ದೊಡ್ಡ ಕತ್ತಲ ಥಿಯೇಟರಿನಲ್ಲಿ ನಾನೊಬ್ಬಳೇ, ಎದುರಿಗೆ ಪ್ರಪಾತ. ಮೊದಲಾಗಿದ್ದರೆ ಈ ಹೊತ್ತಿಗೆ ಅಡುಗೆಮನೆಯಲ್ಲಿರುತ್ತಿದ್ದೆ. ಮುಂದಿನ ಸೀಟಿನ ಬೆನ್ನು ಹಿಡಿದುಕೊಂಡೆ. ಕೊನೆಯ ಸೀಟಿನಿಂದ ಅಕ್ಕ ಎದ್ದಳು. ಕಂಬಿ ಕಂಬಿ ಹಿಡಿದು, ಬಿದ್ದ ಚೀಲಗಳನ್ನು ದಾಟಿ, ಮಾತು ಬಿಟ್ಟ ತಮ್ಮನ ಕಡೆಗೆ ಬಂದಳು. "ಗೇರ್ ಇಳಿಸೋ ದಡ್ಡಾ!" ಎಂದು ಕೂಗಿದಳು. ಅಷ್ಟು ವರ್ಷಗಳಲ್ಲಿ ಅವಳಾಡಿದ ಮೊದಲ ಮಾತು! ನಾನೂ "ಇಳಿಸೋ!" ಎಂದು ಖಾಲಿ ಥಿಯೇಟರಿನಲ್ಲಿ ಕಿರುಚಿದೆ. ಅವನು ಇಳಿಸಿದ. ಬಸ್ಸು ಗೊರಗುಟ್ಟಿತು, ಮಣ್ಣಿನ ದಿಬ್ಬಕ್ಕೆ ಉಜ್ಜಿತು, ಒಂದು ಚಕ್ರ ಗಾಳಿಯಲ್ಲಿ ನಿಂತಿತು. ಎಲ್ಲ ಸ್ತಬ್ಧ. ಅಕ್ಕನ ಹಣೆಯಲ್ಲಿ ರಕ್ತ. ತಮ್ಮ ಅವಳನ್ನು ಹೊತ್ತುಕೊಂಡು ಏರು ದಾರಿಯಲ್ಲಿ ನಡೆಯತೊಡಗಿದ. ಅವನ ಬೆನ್ನ ಮೇಲಿನಿಂದಲೂ ಅವಳು ಬೈಯುತ್ತಲೇ ಇದ್ದಳು. ನಾನು ಅಳುತ್ತಿದ್ದೆ, ನಗುತ್ತಿದ್ದೆ, ಪಕ್ಕದಲ್ಲಿ ತೋಳು ಹಿಡಿದುಕೊಳ್ಳಲು ಯಾರೂ ಇಲ್ಲವಲ್ಲ ಎಂದು ಸಂಕಟಪಡುತ್ತಿದ್ದೆ.

ಮಗಳು ಬರಲಿಲ್ಲ. ನಮ್ಮನೆಯವರೂ ಬರಲಿಲ್ಲ. ಏನಾಯಿತೆಂದು ಆಮೇಲೆ ತಿಳಿಯಿತು. ಅವರು ಹೊರಗೆ ಓಡಿದ ಕೂಡಲೇ ಯಾರೋ "ಬನ್ನಿ ಸಾರ್, ನೀವೇ ಲಾಸ್ಟು," ಎಂದು ಕೈಗೆ ತಟ್ಟೆ ಕೊಟ್ಟಿದ್ದಾರೆ. "ಬಿಸಿ ಇತ್ತು ಕಣೆ. ಕೈ ಸುಡ್ತಿತ್ತು. ಒಂದು ಕಚ್ಚಿದ ಮೇಲೆ ಯಾಕೆ ಬಂದೆ ಅನ್ನೋದೇ ಮರೆತುಹೋಯ್ತು," ಎಂಬುದು ಅವರ ಹೇಳಿಕೆ.

ಚಟ್ನಿಯ ವಾಸನೆಯೊಂದಿಗೆ ಜನ ಒಳಗೆ ಬಂದಾಗ ಪರದೆಯ ಮೇಲೆ ಆಸ್ಪತ್ರೆ ಬಂದುಬಿಟ್ಟಿತ್ತು.

"ಅಯ್ಯಯ್ಯೋ, ಶುರುವಾಗ್ಬಿಟ್ಟಿದೆ!"

"ಬಸ್ ಎಲ್ಲಿ ಹೋಯ್ತ್ರೀ?"

"ಅಕ್ಕ ಯಾಕೆ ಬೆಡ್ ಮೇಲಿದಾಳೆ?"

"ಲೇ ಹುಡುಗ್ರಾ, ಥಿಯೇಟರ್‌ನವರಿಗೆ ಹೇಳಿದ್ರಿಲ್ಲೋ?" ಇದು ಹುಬ್ಬಳ್ಳಿಯವರು. "ನೀವ ಹೇಳಿರ್ತೀರಿ ಅನ್ಕೊಂಡ್ವಿ ಅಂಕಲ್," ಇದು ಕತ್ತಲಿನಿಂದ. ಮತ್ತೆ ಅವರೇ, ದೊಡ್ಡ ದನಿಯಲ್ಲಿ: "ಒಳಗ ಯಾರರೆ ಕುಂತಿದ್ರೇನ್ರೀ?"

ನಾನು ಕೈ ಎತ್ತಿದೆ.

ಅಷ್ಟು ಜನ ಒಟ್ಟಿಗೆ ನನ್ನ ಕಡೆ ಬಾಗಿದ್ದು ಅದೇ ಮೊದಲು. ಪರದೆಯಿಂದ ಕಣ್ಣು ತೆಗೆಯದೆ, ಬಾಯಿಯನ್ನು ಮಾತ್ರ ಪಕ್ಕಕ್ಕೆ ತಿರುಗಿಸಿ, ಪಿಸುಗುಟ್ಟಿ ಹೇಳಲು ಶುರುಮಾಡಿದೆ. ಪಕ್ಕದವರು ಹಿಂದಿನವರಿಗೆ, ಹಿಂದಿನವರು ಅವರ ಹಿಂದಿನವರಿಗೆ ದಾಟಿಸಿದರು. "ಅಕ್ಕ ಎದ್ದು ಬಂದ್ಲಂತೆ." "ಗೇರ್ ಇಳಿಸು ಅಂದ್ಲಂತೆ." "ದಡ್ಡ ಅಂದ್ಲಂತೆ!" ಹಿಂದಿನ ಸಾಲು ಮುಟ್ಟುವ ಹೊತ್ತಿಗೆ ಅಕ್ಕನೇ ಬಸ್ಸು ಓಡಿಸಿ ತಮ್ಮ ಪ್ರಪಾತಕ್ಕೆ ಬಿದ್ದಿದ್ದ. ಪರದೆಯ ಮೇಲೆ ತಮ್ಮ ನಡೆದು ಬಂದಾಗ ಹಿಂದಿನಿಂದ ಒಬ್ಬ ಆಂಟಿ "ಅಯ್ಯೋ, ಇವನು ಬದುಕಿದಾನೆ!" ಎಂದು ಚೀರಿದರು. ಮುಂದಿನ ಸಾಲುಗಳು ಶಿಳ್ಳೆ ಹೊಡೆದವು.

ಮಗಳು ಮಾತ್ರ ಏನೂ ಕೇಳಲಿಲ್ಲ. ಸೀಟಿನಲ್ಲಿ ಕುಸಿದು, ಎರಡೂ ಕೈ ತಲೆಯ ಮೇಲಿಟ್ಟುಕೊಂಡು ಕೂತಿದ್ದಳು. ಒಮ್ಮೆ ನನ್ನ ಕಡೆ ನೋಡಿ ತುಟಿ ಅಲುಗಿಸಿದಳು. ಸಾರಿ, ಎಂದಿರಬೇಕು. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಇನ್ನೂರ ತೊಂಬತ್ತೊಂಬತ್ತು. ಆರು ಗಂಟೆಗೆ ಅವಳ ಶಿಫ್ಟು. ನಾಳೆ ಬೆಳಗಾದರೆ ಯುಗಾದಿ.

ಸಿನಿಮಾ ಮುಗಿಯಿತು. ಚೆನ್ನಾಗಿಯೇ ಮುಗಿಯಿತು. ಎಲ್ಲರೂ ಕಾರುಗಳ ಕಡೆ ಹೋದರು. ಕಸಬರಿಗೆ ಹಿಡಿದವರು ಒಳಗೆ ಬಂದರೂ ನಾವು ಮೂವರು ಕೊನೆಯ ಹೆಸರು ಹರಿದು ಹೋಗುವವರೆಗೆ ಕೂತಿದ್ದೆವು.

"ಸೋ. ನಿಂಗೆ ತ್ರೀ ಹಂಡ್ರೆಡ್. ನಂಗೆ ಟೂ ನೈಂಟಿನೈನ್," ಎಂದಳು ಮಗಳು.

"ನಾನೂ ಫೋನ್ ಮುಟ್ಟಿದೆ. ನಂದೂ ಕಟ್," ಎಂದೆ. ಸುಮ್ಮನಿರಬಹುದಿತ್ತು. ಆದರೆ ಗೆದ್ದವಳು ನಾನೊಬ್ಬಳೇ ಆದರೆ ಫೋನಿನ ಆ ಕಡೆ ಯಾರಿರುತ್ತಾರೆ?

"ವೆಯ್ಟ್." ಅವಳು ನೆಟ್ಟಗೆ ಕೂತಳು. "ಯುಗಾದಿ ಯಾವತ್ತು?"

"ನಾಳೆ."

"ನೋ ನೋ. ಇಲ್ಲಿ ಕನ್ನಡ ಕೂಟದ ಯುಗಾದಿ ಯಾವತ್ತು?"

ನಮ್ಮನೆಯವರು ಗಲ್ಲಕ್ಕಂಟಿದ್ದ ಚಟ್ನಿ ಒರೆಸಿಕೊಂಡರು. "ಸ್ಕೂಲ್ ಆಡಿಟೋರಿಯಂ ಸಿಗಬೇಕಲ್ಲ. ಏಪ್ರಿಲ್ ಮೂರನೇ ಶನಿವಾರವೋ ಏನೋ ಅಂತಿದ್ರು ಆಚೆ."

"ಅಮ್ಮಾ! ನಾನು ಚಿಕ್ಕವಳಿದ್ದಾಗಿಂದ ಒಂದು ಯುಗಾದಿನಾದ್ರೂ ಯುಗಾದಿ ದಿನ ಮಾಡಿದೀವಾ? ಬೇವು ಬೆಲ್ಲ, ಡ್ಯಾನ್ಸು, ಸೀರೆ, ಎವೆರಿಥಿಂಗ್, ಯಾವಾಗ್ಲೂ ಕೂಟದ ಡೇಟ್‌ಗೇ. ನಂಗೆ ಗೊತ್ತಿರೋ ಯುಗಾದಿ ಅದೊಂದೇ. ಚಾಲೆಂಜ್ ಹಾಕಿದ್ದು ನಾನು. ಸೋ ಡೆಡ್‌ಲೈನ್ ಅದು."

"ಪಂಚಾಂಗದ ಪ್ರಕಾರ..." ಎಂದು ಶುರುಮಾಡಿದರು ನಮ್ಮನೆಯವರು.

"ರೀ, ಸುಮ್ನಿರಿ!" ಎಂದೆ. ಜನ್ಮದಲ್ಲಿ ಮೊದಲ ಸಲ ಪಂಚಾಂಗದ ವಿರುದ್ಧ ನಿಂತೆ. ಆಡಿಟೋರಿಯಂ ಕೊಡದ ಆ ಅಜ್ಞಾತ ಸ್ಕೂಲಿಗೆ ಮನಸ್ಸಿನಲ್ಲೇ ಕೈಮುಗಿದೆ.

"ಹಾಗಾದ್ರೆ ಇನ್ನೊಂದೇ ಒಂದು ಸಿನಿಮಾ ನೋಡಿದ್ರೆ ಆಯ್ತು. ನಾಳೇನೇ ಮುಗಿಸ್ಬಹುದು," ಎಂದೆ.

"ನಾಳೇನೇ ಯಾಕೆ?" ಎಂದಳು ಅವಳು ಕೋಟು ಹಾಕಿಕೊಳ್ಳುತ್ತಾ. "ಟೈಮ್ ಇದೆಯಲ್ಲ. ಮೊದ್ಲು ಆ ಬಸ್ಸಿಂದು ಸರಿಯಾಗಿ ಹೇಳು. ಪ್ಲಾಂಟಿಗೆ ನೀವೇ ಡ್ರಾಪ್ ಮಾಡಿ, ದಾರೀಲಿ ಹೇಳು. ಮೊದ್ಲಿಂದ. ಬಿಡದೆ."

ಅಪ್ಪನಿಗೆ ತನ್ನ ಕಾರಿನ ಕೀ ಕೊಟ್ಟು, ನನ್ನನ್ನು ಹಿಂದಿನ ಸೀಟಿಗೆ ಎಳೆದು ಪಕ್ಕದಲ್ಲಿ ಕೂತಳು. ನಾನು ಶುರುಮಾಡಿದೆ. ಯಾವ ಗೇರಿನಲ್ಲಿದ್ದ, ಇಳಿಜಾರು ಎಷ್ಟಿತ್ತು, ಹ್ಯಾಂಡ್‌ಬ್ರೇಕ್ ಯಾಕೆ ಹಾಕಲಿಲ್ಲ ಎಂದು ಅವಳು ಒಂದೊಂದು ತಿರುವಿನಲ್ಲೂ ನಿಲ್ಲಿಸಿ ಕೇಳಿದಳು. ಗೊತ್ತಿಲ್ಲದ್ದಕ್ಕೆ ನಾನು ಧಾರಾಳವಾಗಿ ಸೇರಿಸಿದೆ. ಬಸ್ಸಿನಲ್ಲಿ ಒಂದು ಮೇಕೆಯನ್ನೂ ಕೂರಿಸಿದೆ. "ದೇರ್ ವಾಸ್ ನೋ ಗೋಟ್!" ಎಂದು ಅವಳು ಕಿರುಚಿದಳು. "ನೀನು ನೋಡಿದ್ಯಾ?" ಎಂದೆ. ಪ್ಲಾಂಟಿನ ಗೇಟು ಕಾಣಿಸಿದಾಗ ಬಸ್ಸು ಇನ್ನೂ ಅರ್ಧ ಘಟ್ಟದಲ್ಲಿತ್ತು. ಅವಳು ಗಡಿಯಾರ ನೋಡಿದಳು, ಮುಂದೆ ಬಾಗಿ ಅಪ್ಪನ ಭುಜ ತಟ್ಟಿದಳು.

"ಅಪ್ಪಾ, ಇನ್ನೊಂದ್ ರೌಂಡ್ ಹೋಗು. ಅಕ್ಕ ಇನ್ನೂ ಎದ್ದಿಲ್ಲ."